ಕಾರ್ಟೂನಿನ ಬಾತುಕೋಳಿ ಮತ್ತು ನಮ್ಮ ಕಿಳ್ಳೇಕ್ಯಾತ

ಕನ್ನಡ ವಿಮರ್ಶೆಯ ಮನೆಗೆ ನಗು ಬರುವುದು ಹಿತ್ತಿಲ ಬಾಗಿಲಿನಿಂದ. ಕಾವ್ಯಕ್ಕೂ ಕಾದಂಬರಿಗೂ ಜಗಲಿಯಲ್ಲಿ ಮಣೆ ಹಾಕುವ ನಾವು ಹಾಸ್ಯಕ್ಕೆ 'ಲಘು ಬರಹ' ಎಂದು ಹೆಸರಿಟ್ಟು ವಿಶೇಷಾಂಕದ ಕೊನೆಯ ಪುಟಗಳಿಗೆ ತಳ್ಳುತ್ತೇವೆ. ಇನ್ನು ಕಾರ್ಟೂನ್ ಚಿತ್ರಗಳ ಮಾತೆತ್ತಿದರಂತೂ ಮುಗಿಯಿತು; ಅದು ಊಟ ಮಾಡದೆ ಹಟ ಹಿಡಿಯುವ ಮಕ್ಕಳ ಮುಂದೆ ಹಾಕಿಬಿಡುವ ವಸ್ತು, ಅಷ್ಟೇ. ಆದರೆ ಭರತಮುನಿಗೆ ಈ ಸಂಕೋಚ ಇರಲಿಲ್ಲ. ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯ ನಗುವನ್ನು ಅವನು ಲೆಕ್ಕ ಹಾಕಿ ಇಟ್ಟಿದ್ದಾನೆ. ವಿಕೃತವಾದ ವೇಷ, ಅಲಂಕಾರ, ನಡೆಗಳಿಂದ ಹಾಸ್ಯ ಹುಟ್ಟುತ್ತದೆ ಎಂದಿದ್ದಾನೆ. ಈ ಹಾಸ್ಯದ ಜೊತೆಗೆ ಅದ್ಭುತವನ್ನೂ ಬೆರೆಸಿದರೆ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ. ಪಾಶ್ಚಾತ್ಯರು ಸರ್ರಿಯಲಿಸಂ ಎಂದದ್ದನ್ನು ನಮ್ಮವರು ಅತಿವಾಸ್ತವವೆಂದು ಕರೆದರು. ಆ ಅತಿವಾಸ್ತವದಲ್ಲಿ ಕನಸು ಇದೆ, ಭಯ ಇದೆ. ನಗು ಮಾತ್ರ ಅಪರೂಪ. ನಗುವಿರುವ ಅತಿವಾಸ್ತವವನ್ನು ಕಾಣಬೇಕಾದರೆ 1930ರಿಂದ 1957ರವರೆಗೆ ಅಮೆರಿಕದಲ್ಲಿ ತಯಾರಾದ ಏಳು ನಿಮಿಷದ ಕಾರ್ಟೂನ್ ಕಿರುಚಿತ್ರಗಳಿಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಅಥವಾ ನಮ್ಮದೇ ತೊಗಲುಗೊಂಬೆಯ ಪರದೆಯ ಮುಂದೆ ಹೋಗಿ ಕೂರಬೇಕು.

ನಾನು ಪಂಡಿತನಲ್ಲ, ಬಿ.ಎ.ವರೆಗೆ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಹುಟ್ಟೂರು ಕಾಸರಗೋಡಿನ ಕಡೆ, ಈಗ ಇರುವುದು ಪೋತ್ತನೂರಿನಲ್ಲಿ. ಈ ಚಿತ್ರಗಳನ್ನು ನಾನು ಮೊದಲು ನೋಡಿದ್ದು 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಕೇಬಲ್ಲಿನ ಮೂಲಕ ಭಾರತಕ್ಕೆ ಬಂದ ಮೇಲೆ. ಆಗ ಅರ್ಥವಾಗದಿದ್ದ ಒಂದು ಸಂಗತಿ ಆಮೇಲೆ ಓದಿ ತಿಳಿಯಿತು: ಇವು ಮಕ್ಕಳಿಗಾಗಿ ಮಾಡಿದವುಗಳೇ ಅಲ್ಲ. ಸಿನಿಮಾ ಮಂದಿರದಲ್ಲಿ ದೊಡ್ಡ ಚಿತ್ರದ ಮೊದಲು, ವಾರ್ತಾಚಿತ್ರದ ಜೊತೆಗೆ, ಟಿಕೇಟು ಕೊಂಡು ಬಂದ ದೊಡ್ಡವರಿಗೆಂದು ತೋರಿಸುತ್ತಿದ್ದ ಚಿತ್ರಗಳಿವು. ಮುಂದೆ ಟಿ.ವಿ. ಅವುಗಳನ್ನು ಮಕ್ಕಳ ಕೋಣೆಗೆ ಸಾಗಿಸಿತು.

ಗೆರೆಯ ಚಿತ್ರ ಹುಟ್ಟುವಾಗಲೇ ಅಸಂಗತವಾಗಿ ಹುಟ್ಟಿತು ಎನ್ನಬೇಕು. 1908ರಲ್ಲಿ ಫ್ರಾನ್ಸಿನ ಎಮಿಲ್ ಕೋಲ್ ಸುಮಾರು 700 ಚಿತ್ರಗಳನ್ನು ಬರೆದು ಮಾಡಿದ 'ಫಾಂಟಾಸ್ಮಗೊರಿ' ಎರಡು ನಿಮಿಷವೂ ಇಲ್ಲ. ಅದರಲ್ಲಿ ಯಾವುದೂ ತನ್ನ ಆಕಾರದಲ್ಲಿ ಉಳಿಯುವುದಿಲ್ಲ. ಒಂದು ವಸ್ತು ಇನ್ನೊಂದಾಗಿ, ಅದು ಮತ್ತೊಂದಾಗಿ ಹರಿಯುತ್ತಾ ಹೋಗುತ್ತದೆ. ನಮ್ಮ ದಾದಾಸಾಹೇಬ ಫಾಲ್ಕೆಯವರೂ 1910ರ ದಶಕದಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸಿ ಒಂದು ಕಿರುಚಿತ್ರ ಮಾಡಿದ್ದರು. ಆ ದಾರಿ ನಮ್ಮಲ್ಲಿ ಮುಂದುವರಿಯಲಿಲ್ಲ. 1950ರ ದಶಕದಲ್ಲಿ ಫಿಲ್ಮ್ಸ್ ಡಿವಿಜನ್ನಿಗೆ ಕಾರ್ಟೂನ್ ವಿಭಾಗ ಬಂತು; ಡಿಸ್ನಿಯಲ್ಲಿ ದುಡಿದ ಕ್ಲೇರ್ ವೀಕ್ಸ್ ಬಂದು ನಮ್ಮವರಿಗೆ ಕಲಿಸಿದರು; 1957ರಲ್ಲಿ ಜಾತಕ ಕಥೆಯ 'ಬ್ಯಾನಿಯನ್ ಡೀರ್' ಬಂತು; 1974ರಲ್ಲಿ ನಾವೆಲ್ಲ ದೂರದರ್ಶನದಲ್ಲಿ ನೂರು ಸಲ ನೋಡಿದ 'ಏಕ್ ಅನೇಕ್ ಔರ್ ಏಕತಾ' ಬಂತು. ಚೆನ್ನಾಗಿವೆ. ಆದರೆ ಎಲ್ಲದಕ್ಕೂ ಒಂದು ನೀತಿಪಾಠದ ಬಾಲ. ಸರಕಾರದ ದುಡ್ಡಿನಲ್ಲಿ ಹುಚ್ಚು ಹಿಡಿಯುವುದು ಕಷ್ಟ. ಪ್ರಮೋದ್ ಪತಿ ಒಬ್ಬರು ಆ ಚೌಕಟ್ಟಿನೊಳಗೇ ಅಷ್ಟಿಷ್ಟು ಹುಚ್ಚಾಟ ನಡೆಸಿದರು. 1972ರ 'ಆಬಿದ್' ಅದಕ್ಕೆ ಸಾಕ್ಷಿ.

ಅಸಂಗತ ಹಾಸ್ಯವೆಂದರೆ ಬಾಯಿಗೆ ಬಂದದ್ದನ್ನು ಗೀಚುವುದು ಎಂಬ ತಪ್ಪು ತಿಳಿವಳಿಕೆ ಇದೆ. ನಿಜವಾಗಿ ಅದರಷ್ಟು ಶಿಸ್ತು ಬೇಡುವ ಕಲೆ ಇನ್ನೊಂದಿಲ್ಲ. ಚಕ್ ಜೋನ್ಸ್ 1949ರಲ್ಲಿ ಆರಂಭಿಸಿದ ರೋಡ್ ರನ್ನರ್ ಚಿತ್ರಮಾಲೆಯನ್ನೇ ನೋಡಿ. ಮರುಭೂಮಿಯಲ್ಲಿ ಒಂದು ಹಕ್ಕಿ ಓಡುತ್ತದೆ, ಹಸಿದ ತೋಳದಂಥ ಕಯೋಟಿ ಅಟ್ಟಿಸಿಕೊಂಡು ಹೋಗುತ್ತದೆ. ಬಂಡೆಯ ಅಂಚು ದಾಟಿ ಗಾಳಿಯಲ್ಲೇ ನಾಲ್ಕು ಹೆಜ್ಜೆ ಇಟ್ಟರೂ ಕಯೋಟಿ ಬೀಳುವುದಿಲ್ಲ. ಕೆಳಗೆ ನೋಡಿದ ಮರುಕ್ಷಣ ಬೀಳುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಮುಂದಿನ ತಾರೀಕು ಹಾಕಿದ ಚೆಕ್ಕು. ಖಾತೆಯಲ್ಲಿ ಹಣವಿಲ್ಲದಿದ್ದರೂ ಚೆಕ್ಕು ಕೌಂಟರಿಗೆ ಬರುವ ತನಕ ಎಲ್ಲವೂ ಸುಗಮ. ಆ ಪ್ರಪಂಚಕ್ಕೆ ಗುರುತ್ವಾಕರ್ಷಣೆ ಇಲ್ಲವೆಂದಲ್ಲ, ಇದೆ. ನೋಟೀಸು ಮುಟ್ಟಿದ ಮೇಲಷ್ಟೇ ಅದು ಜಾರಿಗೆ ಬರುತ್ತದೆ! ಈ ನಿಯಮವನ್ನು ಚಿತ್ರದಿಂದ ಚಿತ್ರಕ್ಕೆ ನಿಷ್ಠೆಯಿಂದ ಪಾಲಿಸಿದ್ದರಿಂದಲೇ ನಮಗೆ ನಗು. ಅಂದ ಹಾಗೆ ಆಕ್ಮೆ ಎಂಬ ಕಂಪೆನಿ ಆ ಬೆಂಗಾಡಿಗೂ ರಾಕೆಟ್ಟು, ಸಿಡಿಮದ್ದು, ಸ್ಪ್ರಿಂಗು ಎಲ್ಲವನ್ನೂ ತಲುಪಿಸುತ್ತದೆ. ಹಣ ಯಾರು ಕಟ್ಟುತ್ತಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸಾಲದ ಅರ್ಜಿಗಳ ನಡುವೆ ಬದುಕುವ ನನಗೆ ಇದಕ್ಕಿಂತ ದೊಡ್ಡ ಅತಿವಾಸ್ತವ ಕಂಡಿಲ್ಲ.

ನಿಯಮವೇ ಇಲ್ಲದ ಲೋಕವನ್ನು ತೋರಿಸಲು ಹೊರಟವರು ಬಾಬ್ ಕ್ಲಾಂಪೆಟ್. 1938ರ 'ಪೋರ್ಕಿ ಇನ್ ವ್ಯಾಕಿಲ್ಯಾಂಡ್'ನಲ್ಲಿ ಹಂದಿಮರಿ ಪೋರ್ಕಿ ಜಗತ್ತಿನ ಕೊನೆಯ ಡೋಡೋ ಹಕ್ಕಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಆ ಹಕ್ಕಿ ಪೆನ್ಸಿಲಿನಿಂದ ಗಾಳಿಯಲ್ಲೇ ಒಂದು ಬಾಗಿಲು ಬರೆಯುತ್ತದೆ. ಬಾಗಿಲನ್ನು ತೆರೆಯದೆ, ಪರದೆಯಂತೆ ಅದರ ಕೆಳಗಂಚನ್ನೆತ್ತಿ ನುಸುಳಿ ಹೋಗುತ್ತದೆ. ಟೆಕ್ಸ್ ಏವರಿಯವರ 1947ರ 'ಕಿಂಗ್ ಸೈಜ್ ಕೆನರಿ' ಇನ್ನೂ ಮುಂದಿನದು. ಹಸಿದ ಬೆಕ್ಕು ಬಡಕಲು ಹಕ್ಕಿಗೆ ಗಿಡ ಬೆಳೆಸುವ ಔಷಧ ಕುಡಿಸುತ್ತದೆ. ಹಕ್ಕಿ ಬೆಕ್ಕಿಗಿಂತ ದೊಡ್ಡದಾಗುತ್ತದೆ. ಬೆಕ್ಕು ಕುಡಿಯುತ್ತದೆ, ನಾಯಿ ಕುಡಿಯುತ್ತದೆ, ಇಲಿ ಕುಡಿಯುತ್ತದೆ. ಬಾಟಲಿ ಬರಿದಾದಾಗ ಬೆಕ್ಕೂ ಇಲಿಯೂ ಭೂಗೋಳದ ಮೇಲೆ ನಿಲ್ಲಲು ಜಾಗ ಸಾಲದೆ ಒಂದನ್ನೊಂದು ಹಿಡಿದುಕೊಂಡು ನಮ್ಮತ್ತ ಕೈ ಬೀಸುತ್ತವೆ. ಎರಡನೆಯ ಮಹಾಯುದ್ಧ ಮುಗಿದು ಎರಡು ವರ್ಷವಾಗಿತ್ತು, ದೊಡ್ಡ ರಾಷ್ಟ್ರಗಳ ಶಸ್ತ್ರಪೈಪೋಟಿ ಆರಂಭವಾಗುತ್ತಿತ್ತು ಎಂಬುದನ್ನು ನೆನೆದರೆ ಈ ಕೈ ಬೀಸುವಿಕೆಗೆ ಇನ್ನೊಂದು ಅರ್ಥ ಬರುತ್ತದೆ. ಏವರಿಯವರ ಉದ್ದೇಶ ಅದೇ ಆಗಿತ್ತೆಂದು ನಾನು ವಾದಿಸಲಾರೆ. ಸಣ್ಣದು ದೊಡ್ಡದನ್ನು ನುಂಗುವ ಈ ಆಟ ನಮಗೆ ಹೊಸತೂ ಅಲ್ಲ. ಶಿಶುನಾಳ ಶರೀಫರ ಒಂದು ಪದದಲ್ಲಿ ನುಂಗಬೇಕಾದವು ನುಂಗಿಸಿಕೊಳ್ಳುತ್ತವೆ. ಅಲ್ಲಮನ ಬೆಡಗಿನಲ್ಲಿ, ದಾಸರ ಮುಂಡಿಗೆಗಳಲ್ಲಿ ಇಂಥವು ಬೇಕಾದಷ್ಟಿವೆ. ನಾವು ಮಾಡುವ ತಪ್ಪೆಂದರೆ ಅವುಗಳಿಗೆ ಒಡನೆಯೇ ತತ್ತ್ವಾರ್ಥದ ಟೀಕೆ ಬರೆದು, ನಗುವ ಅವಕಾಶವನ್ನೇ ಮುಚ್ಚಿಬಿಡುವುದು. ಶರೀಫರು ಹಾಡುವಾಗ ಮುಂದೆ ಕೂತಿದ್ದವರು ಮೊದಲು ನಕ್ಕಿರಬೇಕು, ಆಮೇಲೆ ಯೋಚಿಸಿರಬೇಕು.

ಟಾಮ್ ಅಂಡ್ ಜೆರ್ರಿಯನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಏಳು ಆಸ್ಕರ್ ಬಂದಿರಬಹುದು. ಲಯಬದ್ಧ ಹೊಡೆದಾಟ ಅದು, ಅತಿವಾಸ್ತವವಲ್ಲ. ಸಾಲ್ವಡಾರ್ ಡಾಲಿ ಡಿಸ್ನಿಯ ಜೊತೆಗೂಡಿ 1940ರ ದಶಕದಲ್ಲಿ ಆರಂಭಿಸಿ ಅರ್ಧಕ್ಕೆ ನಿಂತು 2003ರಲ್ಲಿ ಪೂರ್ತಿಯಾದ 'ಡೆಸ್ಟಿನೊ' ಇದಕ್ಕೆ ವಿರುದ್ಧ ದಿಕ್ಕಿನದು: ಅತಿವಾಸ್ತವ ಇದೆ, ನಗು ಇಲ್ಲ.

ಈ ಬಗೆಯ ಹಾಸ್ಯದ ಶಿಖರವೆಂದರೆ 1953ರ 'ಡಕ್ ಅಮಕ್'. ಡ್ಯಾಫಿ ಎಂಬ ಬಾತುಕೋಳಿ ಕತ್ತಿ ಹಿಡಿದ ವೀರನ ವೇಷದಲ್ಲಿ ಬರುತ್ತಾನೆ. ಹಿನ್ನೆಲೆ ಇದ್ದಕ್ಕಿದ್ದಂತೆ ಹೊಲಮನೆಯಾಗುತ್ತದೆ. ರೈತನ ಬಟ್ಟೆ ಹಾಕಿಕೊಂಡರೆ ಹಿಮ ಬರುತ್ತದೆ. ಹಿಮಕ್ಕೆ ಸಿದ್ಧನಾದರೆ ಹವಾಯಿ ದ್ವೀಪ ಬರುತ್ತದೆ. ಕೊನೆಗೆ ಬರಿಯ ಬಿಳಿ ಹಾಳೆ. ಮೇಲಿನಿಂದ ಒಂದು ಕುಂಚ ಇಳಿದು ಅವನನ್ನೇ ಅಳಿಸುತ್ತದೆ, ವಿಕಾರವಾಗಿ ತಿದ್ದುತ್ತದೆ, ದನಿಯನ್ನು ಕಿತ್ತುಕೊಳ್ಳುತ್ತದೆ. ಗಿಟಾರು ಮೀಟಿದರೆ ಮೆಷಿನ್ ಗನ್ನಿನ ಸದ್ದು ಬರುತ್ತದೆ. ಡ್ಯಾಫಿ ಬೇಡುತ್ತಾನೆ, ಬಯ್ಯುತ್ತಾನೆ, ಒಪ್ಪಂದಕ್ಕೆ ಬರೋಣವೆನ್ನುತ್ತಾನೆ. ಏನೇ ಮಾಡಿದರೂ ಸೋಲು ಅವನದೇ. ಚಿತ್ರಕಾರ ಯಾರೆಂಬುದು ಕೊನೆಯಲ್ಲಿ ಗೊತ್ತಾಗುತ್ತದೆ: ಬಗ್ಸ್ ಬನ್ನಿ ಎಂಬ ಮೊಲ.

ಯಕ್ಷಗಾನ ನೋಡಿ ಬೆಳೆದ ಕಾಸರಗೋಡಿನವರಿಗೆ ಇದರಲ್ಲಿ ಒಂದು ಪರಿಚಿತ ದೃಶ್ಯ ಕಾಣದಿರದು. ಭಾಗವತರು ಪದ ಎತ್ತದೆ ವೇಷದ ಕಾಲು ಏಳುವುದಿಲ್ಲ. ಚೆಂಡೆ ನಿಂತರೆ ರಾಜನೂ ನಿಲ್ಲಬೇಕು. ಹಾಸ್ಯಗಾರ ಮಾತ್ರ ಆ ಭಾಗವತರನ್ನೇ ಮಾತಿಗೆಳೆಯುತ್ತಾನೆ, ಕೆಣಕುತ್ತಾನೆ, ದ್ವಾಪರಯುಗದ ದೂತನಾಗಿ ಬಂದು ನಿನ್ನೆಯ ಬಸ್ಸಿನ ಸುದ್ದಿ ಹೇಳುತ್ತಾನೆ. ಮಿಜಾರು ಅಣ್ಣಪ್ಪನವರಂಥ ಹಾಸ್ಯಗಾರರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡ್ಯಾಫಿಗೂ ನಮ್ಮ ಹಾಸ್ಯಗಾರನಿಗೂ ಇರುವ ವ್ಯತ್ಯಾಸವೆಂದರೆ ನಮ್ಮವನ ಎದುರಾಳಿ ರಂಗದ ಮೇಲೆಯೇ ಎಲ್ಲರಿಗೂ ಕಾಣುವಂತೆ ಕೂತಿರುತ್ತಾನೆ. ಉತ್ತರ ಕೊಡಲು ಅವನಿಗೆ ಒಂದು ಮುಖವಿದೆ. ಡ್ಯಾಫಿಗೆ ಸಿಕ್ಕಿದ್ದು ಮುಖವಿಲ್ಲದ ಒಡೆಯ. ಆಧುನಿಕ ಮನುಷ್ಯನ ಪಾಡು ಎಂದು ನವ್ಯರು ಪುಟಗಟ್ಟಲೆ ಬರೆದದ್ದನ್ನು ಈ ಬಾತುಕೋಳಿ ಏಳು ನಿಮಿಷದಲ್ಲಿ ಅನುಭವಿಸಿ ತೋರಿಸಿದೆ.

ಮಲಯಾಳಂ ಓದುಗರಿಗೆ ಇಲ್ಲಿ ಕೂಡಿಯಾಟ್ಟದ ವಿದೂಷಕನ ನೆನಪಾಗಬೇಕು. ನಾಯಕನು ಸಂಸ್ಕೃತದಲ್ಲಿ ಶ್ಲೋಕ ಹೇಳಿದರೆ ವಿದೂಷಕನು ಅದನ್ನು ಮಲಯಾಳದಲ್ಲಿ ಬಿಡಿಸಿ ಹೇಳುತ್ತಾನೆ. ಸಾಲದೆಂಬಂತೆ ಅಣಕು ಪ್ರತಿಶ್ಲೋಕವನ್ನೂ ಕಟ್ಟುತ್ತಾನೆ. ನಾಯಕಿಯ ಸೌಂದರ್ಯವಿದ್ದ ಕಡೆ ಊಟದ ಸಾಮಾನು ಬರುತ್ತದೆ. ಎರಡು ಭಾಷೆಗಳ ಹೊಲಿಗೆ ಬಿಟ್ಟುಕೊಂಡ ಜಾಗದಲ್ಲಿ ನಗು ಇಣುಕುತ್ತದೆ. ಪೋತ್ತನೂರಿನಿಂದ ಮಂಗಳೂರಿನ ಕಡೆಗೆ ರೈಲು ಹತ್ತಿದರೆ ಪಾಲಕ್ಕಾಡು ದಾಟಿ ಲಕ್ಕಿಡಿ ಸಿಗುತ್ತದೆ. ತುಳ್ಳಲ್ ಹುಟ್ಟಿಸಿದ ಕುಂಜನ್ ನಂಬಿಯಾರರ ಊರು ಅಲ್ಲೇ ಹತ್ತಿರ. ಇನ್ನೂ ಮುಂದೆ ಶೊರ್ಣೂರಿನ ಬಳಿಯ ಕೂನತ್ತರದಲ್ಲಿ ತೋಲ್ಪಾವಕೂತ್ತಿನ ಪುಲವರ ಮನೆತನವಿದೆ. ಆ ಮನೆತನದ ರಾಮಚಂದ್ರ ಪುಲವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಭದ್ರಕಾಳಿಯ ಗುಡಿಯೆದುರು ಕೂತ್ತುಮಾಡದಲ್ಲಿ 21 ದೀಪ ಹಚ್ಚಿ, ಮಲಯಾಳದ ನಾಡಿನಲ್ಲಿ ಕಂಬನ ತಮಿಳು ರಾಮಾಯಣವನ್ನು ಆಡಿಸುವ ಕಲೆ ಅದು. ದಾರುಕನನ್ನು ಕೊಲ್ಲುವ ಗಡಿಬಿಡಿಯಲ್ಲಿ ರಾಮರಾವಣರ ಯುದ್ಧ ನೋಡಲಾಗದ ದೇವಿಗೆ ಅದನ್ನು ತೋರಿಸುವುದು ಎಂಬ ಐತಿಹ್ಯ. ಪ್ರೇಕ್ಷಕರು ಒಬ್ಬರೂ ಇಲ್ಲದಿದ್ದರೂ ಆಟ ನಡೆಯುತ್ತದೆ; ನೋಡುವವಳು ಒಳಗಿದ್ದಾಳೆ.

ಅದರ ಗಾಂಭೀರ್ಯಕ್ಕೂ ನಮ್ಮ ಕಿಳ್ಳೇಕ್ಯಾತನಿಗೂ ಅಜಗಜಾಂತರ. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಗಣಪತಿ, ಶಾರದೆಯರು ಬಂದು ಹೋದ ಮೇಲೆ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಬರುತ್ತಾರೆ. ಕರಿ ಮೈ, ಡೊಳ್ಳು ಹೊಟ್ಟೆ, ಸೊಟ್ಟ ಕೈಕಾಲು. ಭರತ ಹೇಳಿದ ವಿಕೃತವೇಷ ಇದೇ. ಇಲ್ಲಿನ ಗೊಂಬೆಗಳಲ್ಲಿ ಒಂದು ವಿಶೇಷವಿದೆ: ಗಾತ್ರವು ಅಂತಸ್ತಿಗೆ ತಕ್ಕಂತೆ. ರಾಜರೂ ದೇವರೂ ದೊಡ್ಡ ತೊಗಲು, ಆಳುಗಳೂ ಸಾಮಾನ್ಯರೂ ಸಣ್ಣ ತೊಗಲು. ಒಂದೇ ಪಾತ್ರಕ್ಕೆ ಸಂದರ್ಭಕ್ಕೊಂದು ಗೊಂಬೆಯೂ ಉಂಟು. ದೇಹವೆಂಬುದು ಸ್ಥಿರವಲ್ಲ, ಸಂದರ್ಭ ಬದಲಾದರೆ ಅದೂ ಬದಲಾಗಬಹುದು ಎಂಬ ಈ ಸಲಿಗೆ ಏವರಿಯವರ ಬೆಕ್ಕು ಇಲಿಗಳಿಗೆ ಇರುವಂಥದೇ. ಕಿಳ್ಳೇಕ್ಯಾತ ಕತೆಯ ಒಳಗೂ ಇದ್ದಾನೆ, ಹೊರಗೂ ಇದ್ದಾನೆ. ದೀಪದ ಹಿಂದೆ ಕೂತು ಎಲ್ಲ ಪಾತ್ರಗಳಿಗೂ ಬಾಯಿ ಕೊಡುವ ಗೊಂಬೆಯವರನ್ನೇ ಅವನು ಬಯ್ಯುತ್ತಾನೆ. ಅಂದರೆ ಆಡಿಸುವವರು ತಮ್ಮ ಬಾಯಿಂದಲೇ ತಮ್ಮನ್ನು ಬೈದುಕೊಳ್ಳುತ್ತಾರೆ. 'ಡಕ್ ಅಮಕ್' ಒಂದು ಸಲ ಮಾಡಿ ತೋರಿಸಿದ್ದು ಇವರಿಗೆ ಪ್ರತಿ ರಾತ್ರಿಯ ಕೆಲಸ.

ನಮ್ಮಂಥವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಈ ಆಟವನ್ನು ಆಡಿಸುವ ಕಿಳ್ಳೇಕ್ಯಾತ, ಶಿಳ್ಳೇಕ್ಯಾತ ಸಮುದಾಯದವರ ಮನೆಮಾತು ಕನ್ನಡವಲ್ಲ, ಮರಾಠಿಯ ಒಂದು ರೂಪ. ತಮಿಳುನಾಡಿನಲ್ಲಿ ತೋಲ್ಪಾವೈ ಆಡಿಸುವವರ ಮನೆಮಾತೂ ಮರಾಠಿಯೇ. ಮನೆಯಲ್ಲಿ ಒಂದು ಭಾಷೆ, ಪರದೆಯ ಮೇಲೆ ಇನ್ನೊಂದು. 2025ರಲ್ಲಿ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ನಾವು ಕನ್ನಡದ ಕಲೆಗೆ ಸಂದ ಗೌರವವೆಂದು ಹಿಗ್ಗಿದೆವು, ಹಿಗ್ಗಬೇಕಾದದ್ದೇ. ಆದರೆ ಕನ್ನಡದ ಅತ್ಯಂತ ಕನ್ನಡತನದ ಈ ವಿದೂಷಕನನ್ನು ಕಾಪಾಡಿಕೊಂಡು ಬಂದವರು ಮನೆಯೊಳಗೆ ಬೇರೆ ಮಾತಾಡುವ ಅಲ್ಪಸಂಖ್ಯಾತರು ಎಂಬುದನ್ನು ಹೇಳಿದವರು ಕಡಿಮೆ.

ನನ್ನ ಮನೆಯ ಮಾತನ್ನೂ ಒಂದಿಷ್ಟು ಹೇಳಬೇಕು. ಅಮ್ಮ ಕಾಸರಗೋಡಿನ ಕನ್ನಡದವರು. ಹೆಂಡತಿ ಇಲ್ಲಿನ ದೇವಾಂಗದವರ ಮನೆಯವಳು, ಅವಳ ಕನ್ನಡಕ್ಕೆ ತಮಿಳಿನ ನೀರು ಸಾಕಷ್ಟು ಬಿದ್ದಿದೆ. ಪಕ್ಕದ ಮನೆಯ ಚೇಚಿ ಪಾಲಕ್ಕಾಡಿನವರು. ಮಗಳು ಶಾಲೆಯಲ್ಲಿ ತಮಿಳು, ಇಂಗ್ಲಿಷು. ಈ ಐವರೂ ಒಟ್ಟಿಗೆ ಕೂತು ಒಂದೇ ಕ್ಷಣದಲ್ಲಿ ನಗುವುದು ಸುಲಭವಲ್ಲ. ಬೀಚಿಯವರ ಜೋಕು ಹೇಳಿದರೆ ಅಮ್ಮನೂ ನಾನೂ ನಗುತ್ತೇವೆ, ಉಳಿದವರಿಗೆ ವಿವರಿಸಬೇಕು. ವಿವರಿಸಿದ ಜೋಕು ಆರಿದ ಚಹಾ. ಒಂದು ಭಾನುವಾರ ಕಯೋಟಿ ಗಾಳಿಯಲ್ಲಿ ನಿಂತದ್ದನ್ನು ಕಂಡು ಅಮ್ಮ ಕೇಳಿದರು, "ಅವ ಕೆಳಗೆ ನೋಡದಿದ್ರೆ ಬೀಳ್ತಿರ್ಲಿಲ್ಲ ಅಲ್ವಾ ಮಗಾ?" ಮಗಳು, "ಆಮಾ ಅಜ್ಜಿ, ನೋಡಬಾರ್ದು" ಎಂದಳು. ಚೇಚಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಮಾತಿಲ್ಲದ ನಗುವಿಗೆ ಗಡಿ ಇಲ್ಲ ಎಂದು ಆ ಹೊತ್ತು ನನಗೂ ಅನ್ನಿಸಿತು. ಆದರೆ ಇದನ್ನು ಅಷ್ಟು ಸುಲಭವಾಗಿ ಕೊಂಡಾಡುವಂತಿಲ್ಲ. 2007ರಲ್ಲಿ ತಮಿಳಿಗೆ ಚುಟ್ಟಿ ಟಿ.ವಿ. ಬಂತು, 2009ರಲ್ಲಿ ಕನ್ನಡಕ್ಕೆ ಚಿಂಟು, 2011ರಲ್ಲಿ ಮಲಯಾಳಕ್ಕೆ ಕೊಚ್ಚು. ಕಾರ್ಟೂನಿಗೆ ಬಾಯಿ ಬಂತು. ಆ ಬಾಯಿ ಪೋತ್ತನೂರಿನಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲಯಾಳ. ನಮ್ಮ ಮಕ್ಕಳು ಬಯ್ಯಲು, ಅಣಕಿಸಲು, ಕೀಟಲೆ ಮಾಡಲು ಬೇಕಾದ ಮಾತುಗಳನ್ನು ಅಲ್ಲಿಂದ ಕಲಿಯುತ್ತಾರೆ. ಕನ್ನಡ ಅವರಿಗೆ ಅಜ್ಜಿಯ ಜೊತೆ ವಿನಯದಿಂದ ಮಾತಾಡುವ ಭಾಷೆಯಾಗಿ ಉಳಿಯುತ್ತದೆ. ಕೀಟಲೆ ಇಲ್ಲದ ಭಾಷೆ ಎಷ್ಟು ದಿನ ಬಾಳೀತು?

ನಗು ಯಾರ ಮೇಲೆ ಎಂಬುದೂ ನಮಗೆ ಮುಖ್ಯ. ಈ ಹಳೆಯ ಕಿರುಚಿತ್ರಗಳಲ್ಲಿ ಕರಿಯರನ್ನು ಕುರಿತ ಅವಹೇಳನ ಬಹಳ ಇದೆ. ಟಾಮನ ಮನೆಯ ಕರಿಯ ಕೆಲಸದವಳಿಗೆ ಹೆಚ್ಚಾಗಿ ಮುಖವೇ ಇಲ್ಲ, ಕಾಲು ಮತ್ತು ದನಿ ಮಾತ್ರ. 1960ರ ದಶಕದಲ್ಲಿ ಟಿ.ವಿ.ಗಾಗಿ ಕೆಲವು ಚಿತ್ರಗಳಲ್ಲಿ ಅವಳನ್ನು ಬಿಳಿಯಳನ್ನಾಗಿ ತಿದ್ದಿದರು. ನಾನು ಮೇಲೆ ಹೊಗಳಿದ ಕ್ಲಾಂಪೆಟ್ಟರದೇ 1943ರ ಒಂದು ಚಿತ್ರವೂ ಸೇರಿ ವಾರ್ನರ್ ಕಂಪೆನಿಯ 11 ಚಿತ್ರಗಳನ್ನು 1968ರಲ್ಲಿ ಪ್ರಸಾರದಿಂದ ಹಿಂತೆಗೆಯಲಾಯಿತು. ಗೆರೆ ಅದ್ಭುತವಾಗಿದೆ ಎಂಬ ಕಾರಣಕ್ಕೆ ಅದರ ಕೊಳಕನ್ನು ಮರೆಯಬೇಕಿಲ್ಲ. ಆದರೆ ಸ್ಪೀಡಿ ಗೊನ್ಸಾಲೆಸ್ ಎಂಬ ಮೆಕ್ಸಿಕನ್ ಇಲಿಯ ವಿಷಯ ಹಾಗಲ್ಲ. ದೊಡ್ಡ ಟೋಪಿ, ಎಳೆದು ಆಡುವ ಇಂಗ್ಲಿಷು. 1955ರ ಅವನ ಚಿತ್ರಕ್ಕೆ ಆಸ್ಕರ್ ಕೂಡ ಬಂತು. ಮೆಕ್ಸಿಕನ್ನರಿಗೆ ಅವಮಾನವಾದೀತೆಂದು ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ 1999ರಲ್ಲಿ ಅವನನ್ನು ಪಕ್ಕಕ್ಕಿಟ್ಟಿತು. ಅವನು ಬೇಕೆಂದು ಕೇಳಿದವರಲ್ಲಿ ಆ ಮೂಲದ ಜನರೇ ಮುಂದಿದ್ದರು, 2002ರಲ್ಲಿ ಅವನು ಮರಳಿ ಬಂದ. ಕಾರಣ ಸ್ಪಷ್ಟ: ಉಚ್ಚಾರ ಹೇಗೇ ಇರಲಿ, ಆ ಇಲಿ ಎಂದೂ ಸೋಲುವುದಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ನನ್ನ ಬಾಯಲ್ಲಿ ತಮಿಳಿನ ೞಕಾರ ಹೊರಡದೆ ಬಾಳೆಹಣ್ಣು 'ವಾಳೈಪ್ಪಳಂ' ಆದಾಗ ಸಾಲಿನಲ್ಲಿ ನಿಂತವರು ನಕ್ಕಿದ್ದಾರೆ. ಹಳಗನ್ನಡದಲ್ಲಿ ನಮಗೂ ಇದ್ದ ಅಕ್ಷರ ಅದು, ನಾವೇ ಕಳೆದುಕೊಂಡೆವು ಎಂದು ಅವರಿಗೆ ಹೇಳಲು ಸಮಯವೆಲ್ಲಿ? ಕನ್ನಡ ಸಿನಿಮಾ ಚಹಾ ಅಂಗಡಿಯ ಮಲಯಾಳಿಯನ್ನು ಹಾಸ್ಯ ಮಾಡಿದೆ, ತಮಿಳು ಸಿನಿಮಾವೂ ಹಾಗೆಯೇ. ಆದರೆ ಆ ಚಹಾ ಅಂಗಡಿಯವನು ಸ್ಪೀಡಿಯಂತೆ ಗೆದ್ದದ್ದನ್ನು ನಾನು ಕಾಣೆ. ವಾಸ್ತವವನ್ನು ಮುರಿಯುವ ಹಾಸ್ಯಕ್ಕೂ ಉಚ್ಚಾರವನ್ನು ಹಂಗಿಸುವ ಹಾಸ್ಯಕ್ಕೂ ಇರುವ ಅಂತರ ಇಲ್ಲೇ ಗೊತ್ತಾಗುತ್ತದೆ. ಮೊದಲನೆಯದರಲ್ಲಿ ಸಣ್ಣವನಿಗೆ ಒಂದು ಅವಕಾಶವಿದೆ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಹತ್ತಿರವಾದ ಚಿತ್ರದ ಮಾತು. ಚಕ್ ಜೋನ್ಸರ 1955ರ 'ಒನ್ ಫ್ರಾಗಿ ಈವ್ನಿಂಗ್'ನಲ್ಲಿ ಹಾಡುಗಳ ಹೊರತು ಸಂಭಾಷಣೆಯೇ ಇಲ್ಲ. ಕಟ್ಟಡ ಕೆಡಹುವ ಕೂಲಿಯೊಬ್ಬನಿಗೆ 1892ರ ಅಡಿಗಲ್ಲಿನೊಳಗಿನ ಪೆಟ್ಟಿಗೆಯಲ್ಲಿ ಒಂದು ಕಪ್ಪೆ ಸಿಗುತ್ತದೆ. ಟೋಪಿ, ಕೋಲು ಹಿಡಿದು ಅದು ಸೊಗಸಾಗಿ ಹಾಡಿ ಕುಣಿಯುತ್ತದೆ; ಆದರೆ ಅವನೊಬ್ಬನ ಮುಂದೆ ಮಾತ್ರ. ಇನ್ನೊಬ್ಬರು ಬಂದೊಡನೆ ಮೈ ಸಡಿಲಿಸಿ ಬರಿಯ ಕಪ್ಪೆಯಾಗಿ ವಟಗುಟ್ಟುತ್ತದೆ. ಏಜೆಂಟನ ಮುಂದೆ, ಬಾಡಿಗೆಗೆ ಹಿಡಿದ ನಾಟಕಶಾಲೆಯಲ್ಲಿ, ಎಲ್ಲಿಯೂ ಹಾಡದು. ಉಳಿತಾಯವೆಲ್ಲ ಕರಗಿ, ಬೀದಿಗೆ ಬಿದ್ದು, ಹುಚ್ಚಾಸ್ಪತ್ರೆಗೂ ಹೋಗಿ ಬಂದ ಅವನು ಅದನ್ನು ಹೊಸ ಕಟ್ಟಡದ ಅಡಿಗಲ್ಲಿನಲ್ಲಿ ಮತ್ತೆ ಹುದುಗಿಸಿ ಓಡುತ್ತಾನೆ. ಎಲ್ಲರೂ ಇದನ್ನು ದುರಾಸೆಯ ಕತೆಯೆಂದು ಓದುತ್ತಾರೆ. ಮನೆಯೊಳಗೆ ಅಜ್ಜಿಯೆದುರು ಕನ್ನಡ ಪದ್ಯ ಹಾಡುವ ಮಕ್ಕಳು, ನೆಂಟರು ಬಂದು "ಎಲ್ಲಿ, ಒಂದು ಹೇಳು" ಎಂದೊಡನೆ ಬಾಯಿ ಹೊಲಿದುಕೊಳ್ಳುವುದನ್ನು ಕಂಡವರು ಬೇರೆ ರೀತಿ ಓದಿಯಾರು. ಜೋನ್ಸರ ಜಾಣ್ಮೆಯೆಂದರೆ ಕಪ್ಪೆಗೆ ಕಾರಣ ಕೊಡದಿರುವುದು. ಅದು ಹಟವೋ, ನಾಚಿಕೆಯೋ, ಅದರ ಸ್ವಭಾವವೇ ಹಾಗೋ, ಗೊತ್ತಾಗುವುದಿಲ್ಲ. ಆ ಮನುಷ್ಯನೂ ಒಮ್ಮೆಯಾದರೂ ಸುಮ್ಮನೆ ಕೂತು ಅದರ ಹಾಡನ್ನು ಕೇಳುವುದಿಲ್ಲ. ಯಾರಿಗೆ ತೋರಿಸಲಿ ಎಂಬ ಚಿಂತೆಯೇ ಅವನಿಗೆ. ಚಿತ್ರದ ಕೊನೆಗೆ ಕಾಲ 2056ಕ್ಕೆ ಜಿಗಿಯುತ್ತದೆ. ಕಟ್ಟಡ ಕೆಡಹಲು ಬಂದ ಇನ್ನೊಬ್ಬನಿಗೆ ಅದೇ ಪೆಟ್ಟಿಗೆ ಸಿಗುತ್ತದೆ, ಕಪ್ಪೆ ಎದ್ದು ಹಾಡುತ್ತದೆ, ಅವನೂ ಕಣ್ಣರಳಿಸಿ ಅದನ್ನು ಎತ್ತಿಕೊಂಡು ಹೊರಡುತ್ತಾನೆ.